ಕಸ್ತೂರಿಯ ಜೊತೆಗಾರರು

ಕೋವಿಡ್ ಹಾವಳಿ ಇಳಿದ ಮರುವರ್ಷ ನಾನು ಜಯನಗರದ ಒಂದು ಸಂಸ್ಥೆಯಲ್ಲಿ ಸಾರ್ವಜನಿಕ ಆರೋಗ್ಯ ಸಂಶೋಧಕಿಯಾಗಿದ್ದೆ. ಎಚ್‌ಐವಿ ಸೋಂಕಿತರು ದಿನವೂ ತಪ್ಪದೆ ಮಾತ್ರೆ ನುಂಗಲು ಯಾವುದು ನೆರವಾಗುತ್ತದೆ ಎಂಬುದು ನನ್ನ ವಿಷಯ. ಆ ಬಗ್ಗೆ ನನ್ನದೊಂದು ಪ್ರಬಂಧ ಪ್ರಕಟವಾಗಿತ್ತು. ಮನೆಯವರೋ ಗೆಳತಿಯೋ, ವಿಷಯ ತಿಳಿದ ಒಬ್ಬರು ಜೊತೆಗಿದ್ದರೆ ಮಾತ್ರೆ ತಪ್ಪಿಸುವುದು ಕಡಿಮೆ ಎಂದು ಅದರಲ್ಲಿ ಬರೆದಿದ್ದೆ. ಇಂಥವರನ್ನು ನಾವು ‘ಟ್ರೀಟ್‌ಮೆಂಟ್ ಸಪೋರ್ಟರ್’ ಎನ್ನುತ್ತೇವೆ; ಚಿಕಿತ್ಸೆಯ ಜೊತೆಗಾರರು ಎಂದಿಟ್ಟುಕೊಳ್ಳಿ.

ನಾವು ಬರೆದದ್ದನ್ನು ಯಾರೂ ಓದುವುದಿಲ್ಲ ಎಂಬ ಕೊರಗು ನಮ್ಮವರಿಗೆಲ್ಲ ಇದ್ದದ್ದೇ. ಇದನ್ನು ಮಾತ್ರ ಓದಿದರು. ಓದಿ, ನಾನು ಹೋಗಿಬರುತ್ತಿದ್ದ ಚಿಕಿತ್ಸಾ ಕೇಂದ್ರದಲ್ಲಿ ನಿಯಮವನ್ನೇ ಮಾಡಿಬಿಟ್ಟರು: ಜೊತೆಗಾರರನ್ನು ಕರೆತಂದವರಿಗಷ್ಟೇ ಚಿಕಿತ್ಸೆ ಶುರು.

ಆ ನಿಯಮಕ್ಕೆ ಸಿಕ್ಕಿಕೊಂಡವಳು ಕಸ್ತೂರಿ. ಗದಗದ ಕಡೆಯವಳು, ವಿಧವೆ. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಾಲರ್ ಹೊಲಿಯುತ್ತಿದ್ದಳು, ಬಿಟಿಎಂನಲ್ಲಿ ಒಂಟಿ ಕೋಣೆ. ಪರೀಕ್ಷೆಯಲ್ಲಿ ಸೋಂಕು ಖಚಿತವಾಗಿತ್ತು. ದೇಹದ ರೋಗನಿರೋಧಕ ಶಕ್ತಿ ಎಷ್ಟಿದೆಯೆಂದು ತೋರಿಸುವ ಸಿಡಿ4 ಎಣಿಕೆ ಆಗಲೇ ಕುಸಿದಿತ್ತು. ಇಂಥವರಿಗೆ ತಡ ಮಾಡಬಾರದು. ಆದರೂ ಎರಡು ಸಲ ಬರಿಗೈಯಲ್ಲಿ ಕಳಿಸಿದ್ದರು.

“ಯಾರನ್ನ ಕರ್ಕೊಂಡ್ ಬರ್ಲಿರೀ ಮೇಡಂ? ಅಣ್ಣಗ ಗೊತ್ತಾತಂದ್ರ ಹೊಸ್ತಿಲಾ ತುಳ್ಯಾಕ ಬಿಡಂಗಿಲ್ಲ,” ಎಂದಳು, ಕಾರಿಡಾರಿನಲ್ಲಿ ಗೋಡೆಗೊರಗಿ.

ಒಳಗೆ ಹೋದೆ. ವೈದ್ಯಾಧಿಕಾರಿ ಕೆಟ್ಟವರಲ್ಲ. ನನಗಿಂತ ಚಿಕ್ಕವರು, ಅಚ್ಚುಕಟ್ಟಿನ ಮನುಷ್ಯ. ಅದೇ ತೊಂದರೆ.

“ಮೇಡಂ, ನಿಮ್ ಪೇಪರಲ್ಲೇ ಇದ್ಯಲ್ಲ!”

“ಜೊತೆಗಿದ್ರೆ ಒಳ್ಳೇದು ಅಂತ ಇದೆ ಡಾಕ್ಟ್ರೇ. ಇಲ್ದಿದ್ರೆ ಮಾತ್ರೆ ಕೊಡ್ಬೇಡಿ ಅಂತ ಎಲ್ಲಿದೆ?”

“ಕೊಡಿ ಅಂತಾನೂ ಇಲ್ವಲ್ಲ.”

ನನ್ನದೇ ವಾಕ್ಯಗಳಿಗೆ ಹಳದಿ ಬಣ್ಣ ಬಳಿದು ನನಗೇ ತೋರಿಸಿದರು. ತಲೆ ಚಚ್ಚಿಕೊಳ್ಳಬೇಕೆನಿಸಿತು.

ಮುಂದಿನ ವಾರ ಕಸ್ತೂರಿ ಒಬ್ಬರನ್ನು ಕರೆತಂದೇಬಿಟ್ಟಳು. ಮನೆ ಓನರ್ ಜಯಮ್ಮ. ಬಿಟಿಎಂ ಲೇಔಟ್ ಆಗುವ ಮುಂಚೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ. ಈಗ ಮೂರಂತಸ್ತಿನ ತುಂಬ ಬಾಡಿಗೆಯವರು. ಕಸ್ತೂರಿ ಅವರಿಗೆ ಥೈರಾಯ್ಡ್ ಎಂದು ಹೇಳಿದ್ದಳು. ಜೊತೆಗೆ ಬಂದವರನ್ನು ಒಳಗೆ ಕೂರಿಸಿ, ಕಾಯಿಲೆಯ ಹೆಸರು ಹೇಳಿಯೇ ಎಲ್ಲ ವಿವರಿಸುತ್ತಾರೆಂದು ಅವಳಿಗೆ ಗೊತ್ತಿರಲಿಲ್ಲ. ಅದನ್ನು ಹೇಳುವ ತೊಂದರೆಯನ್ನು ಯಾರೂ ತೆಗೆದುಕೊಂಡಿರಲಿಲ್ಲ.

“ಕಸ್ತೂರಿ ಕಡೆಯವರು ಒಳಗೆ ಬನ್ನಿ,” ಎಂದು ವೈದ್ಯರು ಕರೆದರು. ಜಯಮ್ಮ ಸೆರಗು ಸರಿಮಾಡಿಕೊಂಡು ಎದ್ದರು. ಪಕ್ಕದಲ್ಲೇ ಇದ್ದ ನಾನು ಏನು ನಡೆಯಲಿದೆಯೆಂದು ಕಸ್ತೂರಿಯ ಕಿವಿಯಲ್ಲಿ ಹೇಳಿದೆ. “ಕೋಣಿ ಹೋತ್ರೀ ನಂದು,” ಎಂದಳು. ಬಾಗಿಲಿಗೆ ಅಡ್ಡ ನಿಂತುಬಿಟ್ಟೆ.

“ಅಮ್ಮ, ಬನ್ನಿ, ಒಂದ್ ಕಾಫಿ ಕುಡ್ಕೊಂಡ್ ಬರೋಣ.”

“ಈಗ್ತಾನೆ ಕರೆದ್ರಲ್ಲಮ್ಮ!”

“ಇನ್ನೂ ಹೊತ್ತಾಗುತ್ತೆ ಬನ್ನಿ.”

ದರ್ಶಿನಿಯಲ್ಲಿ ಕಾಫಿ ಕೈಗೆ ಬಂದದ್ದೇ ತಡ, ಜಯಮ್ಮ ಶುರುಮಾಡಿದರು. “ಏನಾಗಿದೆ ಆ ಹುಡುಗೀಗೆ? ನಿಜ ಹೇಳು. ಥೈರಾಯ್ಡ್ ನನ್ಗೂ ಇದೆ. ನಾನೇನ್ ಹಂಗೆ ಒಣಗಿದೀನಾ, ನೋಡು!”

ಒಣಗಿರಲಿಲ್ಲ. “ಅದನ್ನ ಅವಳೇ ಹೇಳ್ಬೇಕಮ್ಮ. ನಿಮ್ ಬಗ್ಗೆ ಯಾರಾದ್ರೂ ಬಂದು ಕೇಳಿದ್ರೂ ನಾನು ಹಿಂಗೇ ಅನ್ನೋದು.”

ಅವರು ಲೋಟದ ತಳದ ನೊರೆಯವರೆಗೂ ಕುಡಿದರು. “ನೀನ್ ಬಾಯ್ಬಿಡೋಳಲ್ಲ ಬಿಡು. ಒಳ್ಳೇದೇ. ಅವಳಿಗೆ ಹೊಟ್ಟೆ ತುಂಬ ತಿನ್ನೋಕ್ ಹೇಳು,” ಎಂದು ಅವರೆಕಾಯಿ ಕೊಳ್ಳಲು ಮಾರ್ಕೆಟ್ಟಿನ ಕಡೆ ನಡೆದರು.

ನಾನು ವಾಪಸು ಬಂದು ವೈದ್ಯರ ಎದುರು ಕುರ್ಚಿ ಎಳೆದುಕೊಂಡೆ.

“ಜೊತೆಗಾತಿ ನಾನೇ. ಮಾತ್ರೆ ಕೊಡಿ.”

“ಸಂಬಂಧ?”

“ಅಕ್ಕ.”

“ಮೇಡಂ, ನೀವು ರಿಸರ್ಚರ್!”

“ರಿಸರ್ಚರ್ ಅಕ್ಕ ಆಗ್ಬಾರ್ದು ಅಂತ ನಿಮ್ ನಿಯಮದಲ್ಲಿದ್ಯಾ?”

ಇರಲಿಲ್ಲ. ಅವಳು ಅಂದೇ ಮಾತ್ರೆ ಡಬ್ಬಿ ಹಿಡಿದು ಹೊರಟಳು. ಕೋಣೆಯೂ ಉಳಿಯಿತು.

ಅಲ್ಲಿಗೆ ಮುಗಿಯಿತೆಂದುಕೊಂಡಿದ್ದೆ. ಆದರೆ ಸುದ್ದಿ ಹಬ್ಬಿತು. ಯಾರೂ ದಿಕ್ಕಿಲ್ಲದವರೆಲ್ಲ “ಇಲ್ಲೊಬ್ರು ಅಕ್ಕ ಇದ್ದಾರಂತೆ” ಎಂದು ಹುಡುಕಿಕೊಂಡು ಬರತೊಡಗಿದರು. ಸಾರಿಗೆ ಒಗ್ಗರಣೆ ಹಾಕುವ ಹೊತ್ತಿಗೇ ಫೋನು. ಸೌಟು ಕೈಯಲ್ಲಿ, ಯಾರದೋ ತಲೆಸುತ್ತಿನ ದೂರು ಕಿವಿಯಲ್ಲಿ. ಸಂಶೋಧನೆ ಮೂಲೆ ಸೇರಿತು. ಒಂದು ದಿನ ವೈದ್ಯರು ಕೇಳಿದರು, “ಏನ್ ಮೇಡಂ, ಎಷ್ಟು ಜನ ತಂಗೀರು ನಿಮ್ಗೆ?”

“ನೀವು ಹೆರಿಸ್ತಾನೇ ಇದ್ದೀರಲ್ಲ ಡಾಕ್ಟ್ರೇ!”

ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ, ಮೇಜಿನ ಮೇಲಿದ್ದ ನನ್ನ ಪ್ರಬಂಧವನ್ನು ಮಗುಚಿ ಇಟ್ಟರು. ನಿಯಮ ಹೋಯಿತು. ಜೊತೆಗಾರರಿದ್ದರೆ ಸರಿ, ಇಲ್ಲದಿದ್ದರೆ ಕೇಂದ್ರದ ಆಪ್ತಸಮಾಲೋಚಕರೇ ವಾರಕ್ಕೊಮ್ಮೆ ಫೋನು ಮಾಡುವುದೆಂದಾಯಿತು. ಕೆಲವು ತಿಂಗಳ ಮೇಲೆ ಕಸ್ತೂರಿಯ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಾಣುವಿನ ಪ್ರಮಾಣ, ಪರೀಕ್ಷೆಗೆ ಸಿಗದಷ್ಟು ತಗ್ಗಿತ್ತು. ಅದರ ಅರ್ಥವನ್ನು ನಾನು ಬಿಡಿಸಿ ಹೇಳುವಷ್ಟರಲ್ಲಿ ಅವಳು ಗಡಿಯಾರ ನೋಡಿ, “ಮಧ್ಯಾಹ್ನದ ಶಿಫ್ಟಿಗೆ ಹೋಗಬೇಕ್ರೀ ಅಕ್ಕಾ,” ಎಂದು ಓಡಿದಳು.

‘ನೆರವಾಗುತ್ತದೆ’ ಎಂದು ನಾವು ಬರೆದದ್ದು ಕಚೇರಿ ಮುಟ್ಟುವಷ್ಟರಲ್ಲಿ ‘ಕಡ್ಡಾಯ’ವಾಗಿರುತ್ತದೆ. ಈ ವೃತ್ತಿ ನನಗೆ ಕಲಿಸಿದ್ದು ಅದು. ಹಾಗಾಗಿ ಈಗ ಪ್ರತಿ ಶಿಫಾರಸಿನ ಕೆಳಗೂ ಇನ್ನೊಂದು ವಾಕ್ಯ ಸೇರಿಸುತ್ತೇನೆ: ಈ ಅನುಕೂಲ ಇಲ್ಲದವರಿಗೂ ಚಿಕಿತ್ಸೆ ತಡವಾಗಬಾರದು. ಇದನ್ನೇನು ಹೇಳಬೇಕೇ ಎಂದು ಸಂಪಾದಕರು ಹೊಡೆದುಹಾಕುತ್ತಾರೆ. ನಾನು ಮತ್ತೆ ಸೇರಿಸುತ್ತೇನೆ.