ಕಂದಕದ ಮನೆ ಮತ್ತು ಚಿತ್ರಾನ್ನದ ಡಬ್ಬಿ

ನಮ್ಮ ಮನೆಯಲ್ಲಿ ಸಕ್ಕರೆ ಡಬ್ಬಿ ಎಲ್ಲಿದೆ ಎಂದು ನನ್ನ ಗಂಡನಿಗೆ ಇವತ್ತಿಗೂ ಗೊತ್ತಿಲ್ಲ. ಇಂಗ್ಲೆಂಡಿನ ಸೊಲಿಹಲ್‌ನ ಈ ಮನೆಗೆ ಬಂದು ಎಷ್ಟೋ ವರ್ಷವಾಯಿತು, ಈಗಲೂ ಅಡುಗೆಮನೆಯ ದೀಪ ಹಾಕಲು ಹೋಗಿ ಫ್ಯಾನ್ ಹಾಕುತ್ತಾರೆ. ಅಂಥವರು ಇಂಗ್ಲಿಷರ ಹಳೇ ಕಾಲದ ಮನೆಯೊಂದರಲ್ಲಿ, ತಗ್ಗು ಬಾಗಿಲು ಬರುವ ಮೊದಲೇ ತಲೆ ಬಗ್ಗಿಸಿದಾಗ ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ.

ಆ ವರ್ಷ ಅವರ ಕಂಪನಿಯಲ್ಲಿ ಜನರನ್ನು ಕೆಲಸದಿಂದ ತೆಗೆಯುತ್ತಿದ್ದರು. ಇವರು ಎಂಜಿನಿಯರ್, ಕಾರಿನ ಬಿಡಿಭಾಗಗಳ ವಿನ್ಯಾಸ ಮಾಡುವ ಕೆಲಸ. ಸಂಜೆ ಬಂದು ಶೂ ಬಿಚ್ಚುವಷ್ಟರಲ್ಲಿ ನನ್ನ ಪ್ರಶ್ನೆ ಸಿದ್ಧವಾಗಿರುತ್ತಿತ್ತು: ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ ತಾನೇ? ಇಲ್ಲ ಕಣೇ ಎನ್ನುತ್ತಿದ್ದರು. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ. ಹೆದರಿಕೆಯಾದರೂ ಅದು ಸಿಟ್ಟಾಗಿಯೇ ಹೊರಗೆ ಬರುತ್ತದೆ. ತಲೆಯ ಮೇಲೆ ಮನೆಯ ಸಾಲ, ಸಾಲದ್ದಕ್ಕೆ ಮೈಸೂರಿನಿಂದ ಬೇಸಿಗೆ ಕಳೆಯಲು ಬಂದ ಅಪ್ಪ, ಅಮ್ಮ. ಅಪ್ಪ ನಿವೃತ್ತ ಹೆಡ್‌ಮಾಸ್ಟರು, ಅಳಿಯನ ಹುದ್ದೆಯನ್ನು ಕೇಳಿದವರಿಗೂ ಕೇಳದವರಿಗೂ ಹೇಳಿ ಬಂದವರು. ಅವರ ಮುಂದೆ ನನ್ನ ಮರ್ಯಾದೆ ಕಳೆದುಬಿಟ್ಟೀರಿ ಜೋಕೆ ಎಂದು ಇವರಿಗೆ ಹಲವು ಸಲ ಹೇಳಿದ್ದೆ.

ಒಂದು ಶನಿವಾರ ಅಪ್ಪನಿಗೆ ಹಳೆಯ ಕಾಲದ ಮನೆ ನೋಡುವ ಮನಸ್ಸಾಯಿತು. ಅರಮನೆ ಮೈಸೂರಲ್ಲೇ ಇದೆ, ಇಲ್ಲಿನ ಜಮೀನ್ದಾರರು ಹೇಗಿದ್ದರು ನೋಡೋಣ ಎಂದರು. ಕಾರಿನಲ್ಲಿ ಅರ್ಧ ಗಂಟೆಯ ದಾರಿಯಲ್ಲಿ ಅಂಥದೊಂದು ಮ್ಯಾನರ್ ಹೌಸ್ ಇತ್ತು, ನಮ್ಮಲ್ಲಿ ಅದರ ವರ್ಷದ ಪಾಸೂ ಇತ್ತು. ಇವರಿಗೆ ಮಾತ್ರ ಬೇಡವೇ ಬೇಡ. ಪಾರ್ಕಿಂಗ್ ಸಿಗುವುದಿಲ್ಲ, ಮಳೆ ಬರುತ್ತದೆ, ಲೆಸ್ಟರ್‌ಗೆ ಹೋಗಿ ದೇವಸ್ಥಾನ ನೋಡಿ ದೋಸೆ ತಿಂದು ಬರೋಣ ಎಂದರು. ಅಪ್ಪ ಹಿಡಿದ ಪಟ್ಟು ಬಿಡುವ ಪೈಕಿ ಅಲ್ಲ.

ಮನೆಯ ನಾಲ್ಕೂ ಕಡೆ ಕಂದಕ, ಅದರಲ್ಲಿ ಕದಲದ ಹಸಿರು ನೀರು, ದಾಟಲು ಒಂದು ಕಲ್ಲಿನ ಸೇತುವೆ. ಗೋಡೆಯೆಂದರೆ ಓಕ್ ಮರದ ಕಪ್ಪು ತೊಲೆಗಳ ಚೌಕಟ್ಟು, ನಡುನಡುವೆ ಸುಣ್ಣ ಬಳಿದ ಮಣ್ಣಿನ ಮೆತ್ತಿಗೆ. ಒಂದಾದರೂ ನೆಟ್ಟಗಿಲ್ಲ. ಮಹಡಿ ಹೊಟ್ಟೆ ಮುಂದೆ ಮಾಡಿ ನಿಂತಿದೆ, ಕಿಟಕಿ ಒಂದು ಕಡೆಗೆ ವಾಲಿದೆ. ಇಷ್ಟು ದುಡ್ಡಿದ್ದವರಿಗೆ ಒಬ್ಬ ಒಳ್ಳೆ ಮೇಸ್ತ್ರಿ ಸಿಗಲಿಲ್ಲವೇ ಎಂದು ಅಮ್ಮ ಕೇಳಿದಳು.

ಇವರು ವಿವರಿಸತೊಡಗಿದರು. ಆ ಕಾಲದ ಬಡಗಿಗಳು ಮರ ಒಣಗುವವರೆಗೆ ಕಾಯುತ್ತಿರಲಿಲ್ಲವಂತೆ. ಹಸಿಮರವನ್ನೇ ಕೆತ್ತಿ, ಇಡೀ ಚೌಕಟ್ಟನ್ನು ನೆಲದ ಮೇಲೆ ಜೋಡಿಸಿ ನೋಡಿ, ತುಂಡು ತುಂಡಿಗೂ ಗುರುತು ಹಾಕಿ, ಬಿಚ್ಚಿ, ಆಮೇಲೆ ಎತ್ತಿ ನಿಲ್ಲಿಸುತ್ತಿದ್ದರಂತೆ. ಕಬ್ಬಿಣದ ಮೊಳೆ ಇಲ್ಲ, ಮರದ ಗೂಟ ಮಾತ್ರ. ಮನೆಯವರು ಒಳಗೆ ಸಂಸಾರ ಮಾಡುತ್ತಿರುವಾಗಲೇ ಮರ ಒಣಗಿ ಸೊಟ್ಟಗಾಗುತ್ತಿತ್ತು, ಸೊಟ್ಟಗಾದಂತೆ ಜೋಡಣೆ ಬಿಗಿಯಾಗುತ್ತಿತ್ತು. ಮೆಟ್ಟಿಲ ಮರೆಯಲ್ಲಿದ್ದ ಉಳಿಯ ಗೀಟುಗಳನ್ನು ಹುಡುಕದೆಯೇ ತೋರಿಸಿದರು. ಅಪ್ಪನಿಗೆ ಖುಷಿಯೋ ಖುಷಿ. ಯೂಟ್ಯೂಬ್‌ನಲ್ಲಿ ನೋಡಿರಬೇಕು ಎಂದುಕೊಂಡೆ.

ಮೇಲಿನ ಕೋಣೆಯೊಂದರಲ್ಲಿ ನಾನು ಹಿಂದುಳಿದೆ. ಅಲ್ಲಿ ಬಂದವರಿಗೆ ಮನೆಯ ವಿಷಯ ಹೇಳಲು ಕುಳಿತಿದ್ದ ಬಿಳಿಗೂದಲಿನ ಹೆಂಗಸು ನನ್ನನ್ನೂ, ಮುಂದೆ ಹೋದ ಇವರನ್ನೂ ನೋಡಿ, ಮುಖವರಳಿಸಿ ಹತ್ತಿರ ಬಂದರು. ಆ ಹಳದಿ ಅನ್ನ ಮಾಡುವವರು ನೀವೇ ಇರಬೇಕು ಎಂದರು. ಎಷ್ಟು ರುಚಿ, ಅದರಲ್ಲಿರುವ ಕಪ್ಪು ಕಾಳು ಯಾವುದು ಎಂದು ಕೇಳಿದರು. ನಿಮ್ಮ ಯಜಮಾನರು ದಿನಾ ಆ ಕಿಟಕಿಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂರುತ್ತಾರೆ, ಮಧ್ಯಾಹ್ನ ನಮಗೂ ಒಂದೊಂದು ಚಮಚ ಕೊಡುತ್ತಾರೆ ಎಂದರು. ಬೇಗ ಇನ್ನೊಂದು ಕೆಲಸ ಸಿಗಲಿ ಎಂದು ನಾವೆಲ್ಲ ಹಾರೈಸುತ್ತಿದ್ದೇವೆ ಎಂದು ನನ್ನ ಕೈ ಒತ್ತಿದರು.

ಅದು ಸಾಸಿವೆ ಎಂದಷ್ಟೇ ಹೇಳಿದೆ. ದಿನಾ ಬೆಳಿಗ್ಗೆ ನಾನೇ ಡಬ್ಬಿ ಕಟ್ಟಿ ಆಫೀಸಿಗೆಂದು ಕಳಿಸಿದ ಮನುಷ್ಯ ಇಲ್ಲಿ ಕೂರುತ್ತಿದ್ದರೇ! ಕೆಲಸ ಹೋದದ್ದು ಊರಿಗೆಲ್ಲ ಗೊತ್ತು, ಕಟ್ಟಿಕೊಂಡವಳಿಗೆ ಗೊತ್ತಿಲ್ಲ. ಇವತ್ತು ಮನೆಗೆ ಹೋಗಲಿ, ಜನ್ಮ ಜಾಲಾಡಿಬಿಡುತ್ತೇನೆ ಎಂದುಕೊಂಡು ಪಕ್ಕದ ಕೋಣೆಗೆ ನುಗ್ಗಿದೆ.

ಅಲ್ಲಿ ನೆಲದ ಮೂಲೆಯಲ್ಲಿ ಹಲಗೆ ತೆಗೆದು ಗಾಜು ಹಾಕಿದ್ದರು. ಕೆಳಗೆ ಒಬ್ಬರು ನಿಲ್ಲುವಷ್ಟು ಇಕ್ಕಟ್ಟಾದ ಗುಂಡಿ. ಹಿಂದೆ ರಾಜಾಜ್ಞೆ ಮೀರಿ ಹಳೆಯ ಕ್ಯಾಥೊಲಿಕ್ ಪಂಥದ ಪೂಜೆ ನಡೆಸುತ್ತಿದ್ದ ಪಾದ್ರಿಗಳನ್ನು, ಸರ್ಕಾರದವರು ಹುಡುಕಿ ಬಂದಾಗ, ಮನೆಯವರು ಇಲ್ಲಿ ಅಡಗಿಸುತ್ತಿದ್ದರಂತೆ. ಮೊದಲು ಅದು ಕಕ್ಕಸಿನ ಗುಂಡಿಯಾಗಿತ್ತು ಎಂದು ಕೇಳಿ ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಪೂಜೆ ಮಾಡುವವರನ್ನು ಅಲ್ಲಿ ಇಳಿಸುವುದೇ ಎಂದು ಅವಳ ಸಂಕಟ. ಅಪ್ಪನ ಪ್ರಶ್ನೆ ಬೇರೆ.

"ಹುಡುಕೋರು ಹೋದ್ರು ಅಂತ ಒಳಗಿರೋನಿಗೆ ಹೇಗೆ ಗೊತ್ತಾಗುತ್ತೆ ಅಳಿಯಂದ್ರೇ?"

ಇವರು ಗಾಜನ್ನೇ ನೋಡುತ್ತಿದ್ದರು. "ಗೊತ್ತಾಗಲ್ಲ ಮಾವ. ಮನೆಯವರು ಯಾರಾದ್ರೂ ಬಂದು ಹೇಳ್ಬೇಕು. ಅಲ್ಲೀವರೆಗೂ ಕಂದಕದಿಂದ ಬರೋ ನೀರಲ್ಲಿ ನಿಂತೇ ಇರ್ಬೇಕು, ಕೆಮ್ಮೋ ಹಾಗೂ ಇಲ್ಲ."

ಅಪ್ಪ ತಲೆಯಾಡಿಸಿದರು. ಆಮೇಲೆ, ಏನೂ ಅರಿಯದೆ, ವಾರದಿಂದ ನಿಮ್ಮ ಮುಖ ಸಪ್ಪಗಿದೆ, ಆಫೀಸಿನಲ್ಲಿ ಎಲ್ಲ ಸರಿಯಾಗಿದೆ ತಾನೇ ಎಂದು ಕೇಳಿಬಿಟ್ಟರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಇವರ ಕೈ ಅಂಗಿಯ ಕಾಲರಿಗೆ ಹೋಯಿತು. ಆ ಮುಖ ನೋಡಿ ನನ್ನ ಸಿಟ್ಟು ಎಲ್ಲಿ ಹೋಯಿತೋ ಕಾಣೆ. ಪಾಪ ಎನಿಸಿತು.

"ಕೆಲಸ ಜಾಸ್ತಿ ಅಪ್ಪ. ಸ್ವಲ್ಪ ದಿನ ರಜ ಹಾಕಿ ಅಂತ ನಾನೇ ಹೇಳಿದೀನಿ," ಎಂದೆ.

ಇವರು ತಿರುಗಿ ನನ್ನನ್ನು ನೋಡಿದರು, ಪಕ್ಕದ ಕೋಣೆಯ ಕಡೆ ನೋಡಿದರು. ನನಗೆ ತಿಳಿದಿದೆ ಎಂದು ಅವರಿಗೂ ತಿಳಿಯಿತು.

ಅಪ್ಪ, ಅಮ್ಮ ಚಹಾ ಕುಡಿಯೋಣವೆಂದು ಮೆಟ್ಟಿಲಿಳಿದರು. ನಾವಿಬ್ಬರೇ ಉಳಿದೆವು. ಕಂಪನಿಯವರು ತೆಗೆದು ಆಗಿತ್ತು, ಅವರಿಗೆ ಹೆದರಿ ಅಡಗುವುದೇನಿತ್ತು? ಪ್ರತಿ ಸಂಜೆ ಬಾಗಿಲಲ್ಲಿ ನಿಂತು ವಿಚಾರಣೆ ಮಾಡುತ್ತಿದ್ದವಳು ನಾನು.

"ರೀ," ಎಂದೆ. "ಹುಡುಕೋರು ಹೋದ್ರು. ಇನ್ನು ಹೊರಗೆ ಬನ್ನಿ."

ತಲೆಯಾಡಿಸಿ ಹೊರಟರು. ದಿನಾ ತಪ್ಪದೆ ಬಗ್ಗಿ ದಾಟುತ್ತಿದ್ದ ಆ ಬಾಗಿಲಿಗೆ ಅವತ್ತು ಧಡ್ ಎಂದು ಹಣೆ ಹೊಡೆಸಿಕೊಂಡರು. ಅಲ್ಲೇ ತೊಲೆ ಹಿಡಿದು ನಿಂತು ಅತ್ತುಬಿಟ್ಟರು. ಏನಾಯ್ತೇ ಎಂದು ಅಮ್ಮ ಕೆಳಗಿನಿಂದ ಕೂಗಿದಳು. ನಾನು ಅವರ ಹಣೆ ಉಜ್ಜುತ್ತಾ, ಬಾಗಿಲು ತಗ್ಗಾಗಿದೆಯಮ್ಮ, ಸ್ವಲ್ಪ ಪೆಟ್ಟಾಯಿತು, ಬರುತ್ತೇವೆ ಎಂದೆ.