ನನ್ನ ಗ್ರಹಗಳನ್ನು ಬೈಯುತ್ತಿದ್ದವಳು

ಸಿಂಧನೂರಿನ ಫ್ಲೆಕ್ಸ್ ಅಂಗಡಿಯೊಂದರಲ್ಲಿ ನಾನೂ ಅವಳೂ ಒಂದೇ ಬೆಂಚಿನ ಮೇಲೆ ಕೂತು ಹುಟ್ಟುಹಬ್ಬದ ಬ್ಯಾನರ್ ಮಾಡುತ್ತಿದ್ದೆವು. ಅವಳು ಮುಕ್ಕುಂದದಿಂದ ಬಸ್ಸಿಗೆ ಬರುತ್ತಿದ್ದಳು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿನಲ್ಲಿ ಅದೇ ಕಂಪ್ಯೂಟರಿನಲ್ಲಿ ಎಲ್ಲೂ ಇಲ್ಲದ ಗ್ರಹಗಳ ಚಿತ್ರ ಮಾಡುತ್ತಿದ್ದೆವು. ಯಾರೂ ಕೇಳಿರಲಿಲ್ಲ, ಯಾರಿಗೂ ಬೇಕಿರಲಿಲ್ಲ. ಕಾಲುವೆ ನೀರು ನಿಂತಾಗ ಬಿರುಕು ಬಿಟ್ಟ ಗದ್ದೆಯ ಫೋಟೊ ತೆಗೆದು, ದುಂಡಗೆ ಸುತ್ತಿ, ಬಣ್ಣ ಬದಲಿಸಿದರೆ ಒಂದು ಗ್ರಹ ಆಗುತ್ತಿತ್ತು. ಅಕ್ಕಿ ಗಿರಣಿಯ ಬೂದಿಯಿಂದ ಚಂದ್ರ.

ನನ್ನ ಮೊದಲ ಗ್ರಹ ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಲೇ, ಪುಢಾರಿ ಮುಖ ಬೆಳಗಿಸಿದಂಗ ಎರಡೂ ಕಡೆ ಲೈಟ್ ಹೊಡದೀಯಲ್ಲ, ಅಲ್ಲೇನ ಎರಡು ಸೂರ್ಯ ಅದಾವೇನು?"

ಬ್ಯಾನರಿನ ಚಾಳಿ ಕೈಗೆ ಅಂಟಿತ್ತು. ನಮ್ಮ ಅಂಗಡಿಯಲ್ಲಿ ಯಾರ ಮುಖದ ಮೇಲೂ ನೆರಳು ಬೀಳುವಂತಿರಲಿಲ್ಲ. ಸಿಟ್ಟು ನೆತ್ತಿಗೇರಿ ನಾನು ಅವಳೊಂದಿಗೆ ಮಾತು ಬಿಟ್ಟೆ. ಆದರೆ ಒಂದು ಬದಿಯನ್ನು ಪೂರ್ತಿ ಕಪ್ಪು ಮಾಡಿದ ಕೂಡಲೇ ಆ ಚಪ್ಪಟೆ ಬಿಲ್ಲೆ ದುಂಡಗಾಯಿತು, ಅದಕ್ಕೊಂದು ತೂಕ ಬಂತು. ಅವಳನ್ನು ಕರೆದು ತೋರಿಸದೆ ಇರಲಾಗಲಿಲ್ಲ. ಆಮೇಲೆ ಅವಳು ಬೈಯದೆ ನನ್ನ ಯಾವ ಗ್ರಹವೂ ಮುಗಿಯುತ್ತಿರಲಿಲ್ಲ. ಅವಳ ಬಣ್ಣಬಣ್ಣದ ಆಕಾಶಗಳನ್ನು ಸೀರೆ ಅಂಗಡಿ ಎಂದು ನಾನೂ ಹಂಗಿಸುತ್ತಿದ್ದೆ.

ಮದುವೆಯಾಗಿ ಅವಳು ಮಸ್ಕಿಗೆ ಹೋದಳು. ಅಲ್ಲಿ ಗಂಡನ ಜೆರಾಕ್ಸ್ ಅಂಗಡಿಯಲ್ಲಿ ಪಾಸ್‌ಪೋರ್ಟ್ ಫೋಟೊಗಳ ಕಲೆ ಅಳಿಸುತ್ತಾಳೆ. ನಾನು ಮಾಡಿದ್ದನ್ನೆಲ್ಲ ಅವಳ ಫೋನಿಗೆ ಕಳಿಸುತ್ತೇನೆ. ಉತ್ತರ ತಪ್ಪದೆ ಬರುತ್ತದೆ: "ಚಂದ ಐತಿ." ಅಷ್ಟೇ. ಬೇರೆಯವರು ಹಾಗೆಂದರೆ ಹಿಗ್ಗುತ್ತೇನೆ. ಅವಳು ಅಂದಾಗ ಮಾತ್ರ ಅಳು ಬರುತ್ತದೆ. ಮಸ್ಕಿಯೇನು ದೂರವಲ್ಲ, ಆದರೂ ಅವಳ ಒಂದು ಬೈಗುಳಕ್ಕಾಗಿ ನಾನು ಹಂಬಲಿಸುತ್ತಿದ್ದೆ.

ಮೊನ್ನೆ ಬೇಕೆಂದೇ ಒಂದು ತಪ್ಪು ಮಾಡಿದೆ. ಬಿದಿಗೆ ಚಂದ್ರನ ಕಪ್ಪು ಭಾಗದ ನಡುವೆ ಒಂದು ನಕ್ಷತ್ರ ಇಟ್ಟೆ. ಅಲ್ಲಿ ಕಪ್ಪಾಗಿರುವುದು ಖಾಲಿ ಜಾಗವಲ್ಲ, ಚಂದ್ರನದೇ ಮೈ. ಅದನ್ನು ತೂರಿಕೊಂಡು ನಕ್ಷತ್ರ ಕಾಣುವುದು ಹೇಗೆ? ಇದನ್ನು ನೋಡಿ ಅವಳು ಸುಮ್ಮನಿರಲಾರಳು ಅಂದುಕೊಂಡೆ.

"ಚಂದ ಐತಿ" ಎಂದೇ ಬಂತು.

ತಡೆಯಲಾಗದೆ ಮಸ್ಕಿ ಬಸ್ಸು ಹತ್ತಿದೆ. ಅವಳು ಕಂಪ್ಯೂಟರಿನಲ್ಲಿ ಯಾರದೋ ಗಲ್ಲದ ಮಚ್ಚೆ ಅಳಿಸುತ್ತಿದ್ದಳು. ನನ್ನನ್ನು ನೋಡಿ ಮುಖ ಅರಳಿಸಿ ಚಹಾ ತರಿಸಿದಳು. ನಾನು ಕೂಡುವ ಮೊದಲೇ ಕೇಳಿಬಿಟ್ಟೆ: "ಆ ನಕ್ಷತ್ರ ಕಾಣಲಿಲ್ಲೇನ ನಿನಗ?"

"ಕಂಡಿತ್ತು," ಎಂದಳು. "ನೋಡಿದ ಕೂಡ್ಲೆ ಕಂಡಿತ್ತು. ಹೋದ ಸಲ ಗ್ರಹದ ಸುತ್ತ ಉಂಗುರ ಹಾಕಿದ್ಯಲ್ಲ, ಅದರ ನೆರಳೂ ತಪ್ಪಿತ್ತು. ಎಲ್ಲಾ ನೋಡ್ತೀನಿ ನಾ. ಆದ್ರ ಬೈಯಾಕ ಕುಂತ್ರ ಮತ್ತ ನನಗೂ ಗ್ರಹ ಮಾಡಬೇಕು ಅನಸ್ತೈತಿ. ಹಂಗ ಅನಿಸಿದ ಮ್ಯಾಲ ಈ ಮುಖಗಳ ಮುಂದ ಕುಂದ್ರಾಕ ಆಗಂಗಿಲ್ಲ."

ಉಂಗುರದ ನೆರಳು ತಪ್ಪಿದ್ದು ನನಗೆ ಗೊತ್ತೇ ಇರಲಿಲ್ಲ. ಅದು ಗ್ರಹದ ಮೇಲೆ ಯಾವ ಕಡೆ ಬೀಳಬೇಕಿತ್ತು ಎಂಬ ಪ್ರಶ್ನೆ ನಾಲಿಗೆಯ ತುದಿಗೆ ಬಂತು. ಅವಳ ಕೈ ಮೌಸಿನ ಮೇಲೆ ಸುಮ್ಮನೆ ನಿಂತಿತ್ತು. ನಾನು ಕೇಳಲಿಲ್ಲ, ಚಹಾ ಕುಡಿದೆ.