ಒಂದೇ ಗೋಡೆಗೆ ಹೊಸ ಬಣ್ಣ

ಬೀದಿಯವರೆಲ್ಲ ಅವರನ್ನು ಭೂತಗನ್ನಡಿ ಎಂದೇ ಕರೆಯುತ್ತಿದ್ದರು. ಗಡಿಯಾರ ರಿಪೇರಿಗೆಂದು ಕಣ್ಣಿಗೆ ಸಿಕ್ಕಿಸಿಕೊಂಡ ಗಾಜನ್ನು ಊಟಕ್ಕೆ ಕೂತಾಗಲೂ ತೆಗೆಯಲು ಮರೆಯುವ ಆಸಾಮಿ. ಉಪ್ಪಿನ ಹರಳನ್ನೂ ತಿರುಗಿಸಿ ನೋಡುತ್ತಾರೆಂದು ಹೆಂಡತಿಯ ದೂರು.

ಈಚೆಗೆ ಆ ಕಣ್ಣೇ ಕೈಕೊಡತೊಡಗಿತ್ತು. ಅಂಗಡಿ ಮುಚ್ಚುವ ಮೊದಲು ಉಳಿತಾಯದ ಗಂಟನ್ನು ಪುಟ್ಟ ಮನೆಯೊಂದಕ್ಕೆ ಹಾಕಿ, ಅದರ ಬಾಡಿಗೆಯಲ್ಲಿ ಇಬ್ಬರೂ ಬದುಕಬೇಕೆಂಬುದು ಹೆಂಡತಿಯ ಆಸೆ. ಗಂಟು ಒಂದೇ; ಎಡವಿದರೆ ಇನ್ನೊಂದಿಲ್ಲ.

ಭೂತಗನ್ನಡಿ ಮನೆ ನೋಡುವುದನ್ನೇ ಒಂದು ವಿದ್ಯೆ ಮಾಡಿಕೊಂಡರು. ದಲ್ಲಾಳಿ ಅಂಗಳದಲ್ಲಿ ಹಾಡಿ ಹೊಗಳುತ್ತಿದ್ದರೆ ಇವರು ಒಳಗೆ ನಲ್ಲಿಗಳನ್ನೆಲ್ಲ ಒಟ್ಟಿಗೇ ತಿರುಗಿಸಿ ನೀರಿನ ಬಲ ನೋಡುವರು. ಖಾಲಿ ಮಾಡಿದ ಬಾಡಿಗೆಯವರನ್ನು ಹುಡುಕಿಕೊಂಡು ಹೋಗಿ "ಯಾಕೆ ಬಿಟ್ರಿ?" ಎನ್ನುವರು. ಮಧ್ಯಾಹ್ನ ಸದ್ದಿಲ್ಲದಿದ್ದ ಮನೆಯೊಂದಕ್ಕೆ ಸಂಜೆ ಮತ್ತೆ ಹೋಗಿ, ಪಕ್ಕದ ಶೆಡ್ಡಿನಲ್ಲಿ ಡ್ರಮ್ಮು ಕಲಿಯುವವರಿದ್ದಾರೆಂದು ಪತ್ತೆ ಹಚ್ಚಿದ್ದರು. ಕಾಗದಪತ್ರವನ್ನು ಮಾತ್ರ ವಕೀಲರಿಗೇ ತೋರಿಸುವಷ್ಟು ವಿವೇಕವಿತ್ತು. ಆದರೆ ಕಂಡುಕೊಂಡದ್ದನ್ನು ಕಂಡವರಿಗೆಲ್ಲ ಹೇಳದಿದ್ದರೆ ಉಂಡದ್ದು ಅರಗುತ್ತಿರಲಿಲ್ಲ.

ಕೊನೆಗೊಂದು ಮನೆ ಹಿಡಿಸಿತು. ಹಿಂದಿನ ಕೋಣೆಯಲ್ಲಿ ಒಂದೇ ಗೋಡೆಗೆ ಹೊಸ ಬಣ್ಣ. ತೇವ ಮುಚ್ಚಿದ್ದಾರೆಂದು ನೋಡಿದವರೆಲ್ಲ ಹಿಂದೆ ಸರಿದು, ಬೆಲೆ ಇಳಿದಿತ್ತು. ಭೂತಗನ್ನಡಿಯ ತಲೆಗೆ ಹುಳ ಹೊಕ್ಕಿತು. ತೇವವಾದರೆ ಬುಡ ಉಬ್ಬಬೇಕಲ್ಲ? ಗೋಡೆಯನ್ನು ಬಡಿದರು, ಮೂಸಿದರು, ಕೆನ್ನೆಯಿಟ್ಟು ನೋಡಿದರು.

"ಮುತ್ತು ಕೊಟ್ಟಿದ್ದು ಸಾಕು, ಪಕ್ಕದ ಮನೇಲಿ ಕೇಳೋಣ ಬನ್ನಿ," ಎಂದರು ಹೆಂಡತಿ.

ಪಕ್ಕದ ಮನೆಯಾಕೆ ನಕ್ಕರು. "ತೇವ ಎಲ್ಲಿ ಬಂತಣ್ಣಾ! ಹಿಂದೆ ಇದ್ದೋರ ಅವಳಿ ಮಕ್ಕಳು ಗೋಡೆ ತುಂಬ ಇದ್ದಿಲಲ್ಲಿ ಆನೆ ಬರೆದಿದ್ರು."

ಮರುದಿನ ಮುಂಗಡ ಕೊಡಲು ಬಂದರೆ, ಅದೇ ಗೋಡೆಯ ಮುಂದೆ ಬೇರೊಂದು ಜೋಡಿ ನಿಂತಿತ್ತು.

"ತೇವ ಇದೆ, ಬಾ ಹೋಗೋಣ," ಎಂದ ಗಂಡ.

ಹೋಗಲು ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಬಲ್ಲವರೆದುರು ಅಂಥ ಮಾತೇ? "ತೇವದ ಗೋಡೆ ಯಾವತ್ತಾದ್ರೂ ನೋಡಿದ್ದೀರಾ ನೀವು?" ಎಂದು ಭೂತಗನ್ನಡಿ ಶುರುಮಾಡಿದರು. ಬುಡ, ಬಡಿತ, ನಲ್ಲಿಯ ಬಲ, ಆನೆ, ಎಲ್ಲ ಬಂತು. ಹೆಂಡತಿ ಮೊಣಕೈಯಿಂದ ತಿವಿದರು. ಇವರು ಪಕ್ಕಕ್ಕೆ ಸರಿದು ಮುಂದುವರಿಸಿದರು.

"ಎಷ್ಟು ಬಿಡಿಸಿ ಹೇಳಿದ್ರಿ ಸಾರ್!" ಎಂದು ಕೈಕುಲುಕಿದ ಆ ಮನುಷ್ಯ, ನೆಟ್ಟಗೆ ಮಾಲೀಕರ ಬಳಿ ಹೋಗಿ ಮುಂಗಡ ಕೊಟ್ಟೇಬಿಟ್ಟ.

ಇಬ್ಬರೂ ಮನೆಗೆ ಮರಳಿದರು. ಬಾಗಿಲ ಬೀಗ ತೆಗೆಯುತ್ತ ಹೆಂಡತಿ ಎಂದರು, "ಊರಿಗೆಲ್ಲ ಪಾಠ ಆಯ್ತು. ನಮಗೆ ಮನೆ ಯಾವಾಗ?"

ಮತ್ತೆ ಹುಡುಕಾಟ. ಮೊದಲಿನದಕ್ಕಿಂತ ಚಿಕ್ಕದಾದರೂ ಎಲ್ಲ ಪರೀಕ್ಷೆಯಲ್ಲೂ ಪಾಸಾದ ಮನೆಯೊಂದು ಸಿಕ್ಕಿತು. ಮುಂಗಡದ ದಿನ ಹೆಂಡತಿ ಅವರ ಬಾಯಿಗೊಂದು ಗಟ್ಟಿ ಪೆಪ್ಪರಮೆಂಟು ತುರುಕಿದರು. "ಇದು ಕರಗೋವರೆಗೂ ತುಟಿ ಬಿಚ್ಚಬಾರದು."

ಹೆಂಡತಿ ಒಳಗೆ ಮಾಲೀಕರೊಂದಿಗೆ ಮಾತಿಗೆ ಕೂತಾಗ, ಮನೆ ನೋಡಲು ಬಂದ ಹುಡುಗಿಯೊಬ್ಬಳು ಹಜಾರದಲ್ಲಿ ಕೇಳಿದಳು: "ಅಂಕಲ್, ಇಲ್ಲಿ ನೆಲ ಯಾಕೆ ತಗ್ಗಾಗಿದೆ? ಕುಸಿದಿದೆಯಾ?"

ತೊಳೆದ ನೀರು ಹರಿಯಲೆಂದು ಬೇಕೆಂದೇ ಕೊಟ್ಟ ವಾಟ ಅದು. ಪೆಪ್ಪರಮೆಂಟು ಆಗಲೇ ಕರಗಿಹೋಗಿತ್ತು. ಉತ್ತರ ನಾಲಿಗೆಯ ತುದಿಗೆ ಬಂದು ಕುಣಿಯಿತು.

"ಏನೋಮ್ಮಾ, ನನಗೇನೂ ತಿಳಿಯಲ್ಲ," ಎಂದರು ಭೂತಗನ್ನಡಿ. ಜನ್ಮದಲ್ಲಿ ಮೊದಲ ಸಲ ಆಡಿದ ಮಾತು, ಹಣೆಯಲ್ಲಿ ಬೆವರೊಡೆದಿತ್ತು.

ಒಳಗಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಹೆಂಡತಿ, ರಸೀದಿ ಹಿಡಿದು ಹೊರಬಂದು ಗಂಡನ ಮುಖ ನೋಡಿ ಮರುಗಿದರು. "ಆಯ್ತು, ಮನೆ ನಮ್ಮದೇ. ಹೋಗಿ ಹೇಳಿ ಬನ್ನಿ ಆ ಹುಡುಗಿಗೆ, ಪಾಪ."

ಭೂತಗನ್ನಡಿ ಗೇಟಿನತ್ತ ಓಡಿದರು. "ಏಯ್ ಅಮ್ಮಾ, ನಿಲ್ಲು! ಆ ತಗ್ಗು ಇದೆಯಲ್ಲ..."